ಸೋಡಾ ಚೀಟಿ

ಹಾವಿಗೆ ಹೆದರುವವರಿಗೆ ಸಮಾಜದಲ್ಲಿ ಒಂದು ಮರ್ಯಾದೆಯಿದೆ. ಸಿಡಿಲಿಗೆ, ಬೀದಿನಾಯಿಗೆ, ಇಂಜೆಕ್ಷನ್ನಿನ ಸೂಜಿಗೆ ಹೆದರುವವರನ್ನೂ ಜನ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಹೈಡ್ರೋಜನ್ನಿಗೆ ಹೆದರುತ್ತೇನೆ ಎಂದರೆ ಮಾತ್ರ ಎದುರಿಗಿದ್ದವರು ಮಾತು ತಿರುಗಿಸಿ ಹವಾಮಾನದ ಬಗ್ಗೆ ಕೇಳುತ್ತಾರೆ. ನಾನು ಹುಟ್ಟು ಹೆದರುಪುಕ್ಕಲನೇನಲ್ಲ. ಧಾರವಾಡದ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದೇನೆ. ಪಾಣಿಪತ್ತಿನ ಮೂರೂ ಯುದ್ಧಗಳನ್ನು ಕೈ ನಡುಗದೆ ಬೋರ್ಡಿನ ಮೇಲೆ ಬರೆದವನು. ಆದರೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಕ್ಕಳು ಚಡ್ಡಿ ಹಾಕುವ ವಯಸ್ಸಿನಲ್ಲಿ ಕಲಿತು ಮರೆತುಬಿಡುವ ಒಂದು ವಸ್ತುವಿನ ಭಯ ನನ್ನೊಳಗೆ ಹೊಕ್ಕಿತು. ಹೇಗೆ ಹೊಕ್ಕಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ನಮ್ಮ ಶಾಲೆಯ ವಿಜ್ಞಾನದ ವಿಮಲಾ ಮೇಡಂ ನಾಲ್ಕು ದಿನ ರಜೆ ಹಾಕಿದ್ದರು. ಹೆಡ್ ಮಾಸ್ತರರು ನನ್ನನ್ನು ಕರೆದು, "ಒಂಬತ್ತನೇ ಕ್ಲಾಸಿಗೆ ಸುಮ್ಮನ ಪುಸ್ತಕ ಓದಸ್ರಿ ಮಾಸ್ತರ, ವಿಜ್ಞಾನ ಅಂದ್ರ ಏನ್ ಕಡೀತೈತೇನು" ಎಂದರು. ನಾನು ಹೋಗಿ ಓದಿಸಿದೆ. ಓದಿಸುವುದು ಅಪಾಯವಿಲ್ಲದ ಕೆಲಸ, ಓದಿದ್ದನ್ನು ಯಾರಾದರೂ ತಿಳಿದುಕೊಳ್ಳುವವರೆಗೆ. ಮುಂದಿನ ಬೆಂಚಿನ ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. "ಸರ್, ಹೈಡ್ರೋಜನ್ ಅಂದ್ರ ಜಲಜನಕ. ಆಕ್ಸಿಜನ್ ಅಂದ್ರ ಆಮ್ಲಜನಕ. ಅಂದ ಮ್ಯಾಲ ಆಮ್ಲದಾಗೆಲ್ಲಾ ಆಮ್ಲಜನಕ ಇರಬೇಕಲ್ರಿ? ಇಲ್ಲಿ ನೋಡಿದ್ರ ಆಮ್ಲದಾಗೆಲ್ಲಾ ಜಲಜನಕ ಐತಿ ಅಂತ ಬರದಾರ" ಎಂದಳು. ನಾನು ಪುಸ್ತಕ ನೋಡಿದೆ. ಹುಡುಗಿ ಹೇಳಿದ್ದು ಖರೆ ಇತ್ತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲವನ್ನು ಹಡೆಯಬೇಕಾದ ಆಮ್ಲಜನಕದ ಸುಳಿವೇ ಇರಲಿಲ್ಲ, ನೀರನ್ನು ಹಡೆಯಬೇಕಾದ ಜಲಜನಕ ಅಲ್ಲಿ ಹೋಗಿ ಕೂತಿತ್ತು. ಗೊತ್ತಿಲ್ಲ ಎನ್ನುವುದು ಮಾಸ್ತರಿಕೆಗೆ ಶೋಭೆಯಲ್ಲವಾದ್ದರಿಂದ "ಅದನ್ನ ನಾಳೆ ನೋಡೂಣು" ಎಂದೆ. ಇತಿಹಾಸದಲ್ಲಿ ಇಂಥ ತೊಂದರೆಯಿಲ್ಲ, ಸತ್ತ ರಾಜರು ಹೆಸರು ಬದಲಾಯಿಸಿಕೊಂಡು ಬೇರೆ ಅಧ್ಯಾಯದಲ್ಲಿ ಕೂರುವುದಿಲ್ಲ.

ವಿಮಲಾ ಮೇಡಂ ರಜೆ ಮುಗಿಸಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಕೇಳಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿ ಮುರಿಯುತ್ತ, "ಹೆಸರಿಟ್ಟ ಕಾಲಕ್ಕ ಹಂಗಂತ ತಿಳಕೊಂಡಿದ್ರು ಸರ್. ತಪ್ಪು ಅಂತ ಗೊತ್ತಾಗೂದ್ರಾಗ ಹೆಸರು ಗಟ್ಟಿ ಆಗಿಬಿಟ್ಟಿತ್ತು" ಎಂದರು. ಅಷ್ಟಕ್ಕೇ ನಾನು ಎದ್ದು ಹೋಗಬೇಕಿತ್ತು. "ಮತ್ತ ಈ ಹೈಡ್ರೋಜನ್ ಎದರಾಗ ಎದರಾಗ ಇರತೈತ್ರಿ?" ಎಂದು ಕೇಳಿದ್ದು ನನ್ನ ಗ್ರಹಚಾರ. ಮೇಡಂ ಉತ್ಸಾಹದಿಂದ ಹೇಳುತ್ತ ಹೋದರು. ನೀರಿನಲ್ಲಿ ಇದೆ. ಮೊಸರಿನ ಹುಳಿಯಲ್ಲಿ, ನಿಂಬೆಯ ಹುಳಿಯಲ್ಲಿ ಇದೆ. ಅಡುಗೆಯ ಗ್ಯಾಸಿನಲ್ಲಿದೆ. ಎಲೆ ಅಡಿಕೆಯ ಸುಣ್ಣದಲ್ಲಿದೆ, ಸಕ್ಕರೆಯಲ್ಲಿದೆ, ಸ್ಕೂಟರಿನ ಬ್ಯಾಟರಿಯೊಳಗಿನ ಆಮ್ಲದಲ್ಲಿದೆ, ಪಾಯಿಖಾನೆ ತೊಳೆಯುವ ಬಾಟಲಿಯಲ್ಲಿದೆ. ಅಡುಗೆ ಸೋಡಾದಲ್ಲೂ ಇದೆ, ಮೋರಿ ಕಟ್ಟಿಕೊಂಡರೆ ಸುರಿಯುವ ಕಾಸ್ಟಿಕ್ ಸೋಡಾದಲ್ಲೂ ಇದೆ. "ಒಂದು ಭಜಿ ಉಬ್ಬಸತೈತಿ, ಒಂದು ಚರ್ಮಾ ಸುಲೀತೈತಿ. ಎರಡರಾಗೂ ಅದ ಹೈಡ್ರೋಜನ್ ನೋಡ್ರಿ, ಎಷ್ಟು ಮಜಾ" ಎಂದು ನಕ್ಕರು. ನನಗೆ ಅದರಲ್ಲಿ ಮಜಾ ಕಾಣಿಸಲಿಲ್ಲ.

ನನಗೆ ಕಂಡದ್ದು ಬೇರೆ. ಚಿಕ್ಕಂದಿನಲ್ಲಿ ಒಮ್ಮೆ ನನಗೆ ಕಿವಿ ನೋವಾದಾಗ ನಮ್ಮ ಓಣಿಯ ಡಾಕ್ಟರು ನೀರಿನ ಹಾಗಿದ್ದ ಏನನ್ನೋ ಎರಡು ಹನಿ ಕಿವಿಗೆ ಬಿಟ್ಟಿದ್ದರು. ತಲೆಯೊಳಗೆ ಭರ್ರೆಂದು ನೊರೆ ಎದ್ದ ಸದ್ದು ಕೇಳಿ, ನನ್ನ ಮಿದುಳು ಉಕ್ಕಿ ಹೊರಗೆ ಬರುತ್ತಿದೆಯೆಂದು ತಿಳಿದು ಡಾಕ್ಟರ ಕೈ ಕಚ್ಚಿದ್ದೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಎಂದು ಈಗ ಮೇಡಂ ಹೇಳಿದ ಮೇಲೆ ತಿಳಿಯಿತು. ಅದಕ್ಕೂ ಕುಡಿಯುವ ನೀರಿಗೂ ಇರುವ ಅಂತರ ಒಂದೇ ಒಂದು ಆಕ್ಸಿಜನ್ ಕಣವಂತೆ. ಒಂದು ಕಣ ಹೆಚ್ಚು ಕಡಿಮೆಯಾದರೆ ಮನುಷ್ಯ ಡಾಕ್ಟರನ್ನು ಕಚ್ಚುವಂತಾಗುತ್ತದೆ ಎಂದರೆ, ಇಂಥವನ್ನು ನಂಬಿ ಸಂಸಾರ ಮಾಡುವುದು ಹೇಗೆ? ಅಂದು ಸಂಜೆ ಮಾಳಮಡ್ಡಿಯ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಬಿಳಿಯ ಪುಡಿಗಳು, ಬಣ್ಣವಿಲ್ಲದ ನೀರುಗಳು, ಒಂದರ ಪಕ್ಕ ಒಂದು. ಯಾವುದರ ಮೇಲೂ ಹೆಸರಿಲ್ಲ.

ನನ್ನ ಹೆಂಡತಿ ಗಿರಿಜಾ ಅಮರಗೋಳದ ಕಾಳಿನ ವ್ಯಾಪಾರಿಗಳ ಮನೆಯವಳು. ಜೋಳವನ್ನು ಮುಷ್ಟಿಯಲ್ಲಿ ಹಿಡಿದೇ ಯಾವ ಸೀಮೆಯದು ಎಂದು ಹೇಳಬಲ್ಲ ಮನೆತನ. ಅವಳಿಗೆ ವಿಷಯ ವಿವರಿಸಿದೆ. ಅವಳು ಸಾವಧಾನವಾಗಿ ಕೇಳಿ, "ಹಂಗಾರ ಹೈಡ್ರೋಜನ್ ಇಲ್ಲದ್ದು ಏನೈತ್ರಿ ಮನ್ಯಾಗ?" ಎಂದಳು. ನಾನು ಮೇಡಂ ಹೇಳಿದ್ದನ್ನು ಬರೆದುಕೊಂಡಿದ್ದ ಚೀಟಿ ನೋಡಿಕೊಂಡು, "ಉಪ್ಪು" ಎಂದೆ. "ಛಲೋ ಆತು. ರಾತ್ರಿಗೆ ಉಪ್ಪ ಹಾಕತೇನಿ ತಾಟಿಗೆ" ಎಂದು ಒಳಗೆ ಹೋದಳು. ಹೆದರಿದವನಿಗೆ ಮನೆಯವರ ನಗೆಯಷ್ಟು ನೋವು ಕೊಡುವುದು ಬೇರೊಂದಿಲ್ಲ. ಆದರೂ ನಾನು ಬಿಡಲಿಲ್ಲ.

ಮುಂದಿನ ವಾರವೇ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ಹಾರ್ಡ್‌ವೇರ್ ಅಂಗಡಿಯವನು ಪ್ಲಾಸ್ಟಿಕ್ ಚೀಲದಲ್ಲಿ ಬಿಳಿಯ ಕಾಸ್ಟಿಕ್ ಸೋಡಾ ಕಟ್ಟಿಕೊಟ್ಟು, "ಬರಿಗೈಲೆ ಮುಟ್ಟಬ್ಯಾಡ್ರಿ ಮತ್ತ" ಎಂದ. ಅದನ್ನು ಸ್ಕೂಟರಿನಲ್ಲಿ ಮಗುವಿನಂತೆ ಜೋಪಾನವಾಗಿ ತಂದೆ. ಸಿಂಕು ಬಿಟ್ಟುಕೊಂಡಿತು, ಸೋಡಾ ಅರ್ಧ ಉಳಿಯಿತು. ಚೀಲ ಹರಿದು ಚೆಲ್ಲಿದರೆ ಎಂಬ ಭಯ. ಗಿರಿಜಾಳ ಹತ್ತಿರ ಒಂದೇ ಅಳತೆಯ ಎರಡು ಸ್ಟೀಲಿನ ಡಬ್ಬಿಗಳಿದ್ದವು. ಒಂದರಲ್ಲಿ ಅಡುಗೆ ಸೋಡಾ ಇತ್ತು, ಇನ್ನೊಂದು ಖಾಲಿ. ಖಾಲಿಯದಕ್ಕೆ ಕಾಸ್ಟಿಕ್ ಸೋಡಾ ಸುರಿದೆ. ಈಗ ಬುದ್ಧಿವಂತ ಓದುಗರು ಹಣೆ ಚಚ್ಚಿಕೊಳ್ಳುತ್ತಾರೆಂದು ಗೊತ್ತು. ಅದಕ್ಕೇ ಹೇಳುತ್ತೇನೆ, ನಾನು ಬೇಜವಾಬ್ದಾರಿಯಿಂದ ಸುರಿಯಲಿಲ್ಲ, ಚೀಟಿ ಬರೆದು ಅಂಟಿಸಿದೆ. ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ, ಒಂದಕ್ಕೆ "ಅಡುಗೆ ಸೋಡಾ" ಎಂದೂ ಇನ್ನೊಂದಕ್ಕೆ "ಮೋರಿ ಸೋಡಾ: ವಿಷ" ಎಂದೂ ಬರೆದು ಎರಡು ಚೀಟಿ ಹಚ್ಚಿದೆ. ಡಬ್ಬಿಯ ಮೈ ನುಣುಪಾಗಿತ್ತು, ಚೀಟಿ ನಿಲ್ಲಲಿಲ್ಲ. ಆದ್ದರಿಂದ ಮುಚ್ಚಳಕ್ಕೆ ಹಚ್ಚಿದೆ. ಮೋರಿ ಸೋಡಾವನ್ನು ಸಿಂಕಿನ ಕೆಳಗೂ ಅಡುಗೆ ಸೋಡಾವನ್ನು ಮೇಲಿನ ಕಟ್ಟೆಗೂ ಇಟ್ಟು, ಗಿರಿಜಾಳನ್ನು ಕರೆದು ಎರಡನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಆ ವಾರ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಶಾಲೆಯಿಂದ ಮನೆಗೆ ಬಂದಾಗ ನಾಲ್ಕು ಗಂಟೆ. ಒಳಗಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಗಿರಿಜಾ ತಾಟಿನ ತುಂಬ ಮಿರ್ಚಿ ಭಜಿ ತಂದು ಮುಂದಿಟ್ಟಳು. ನಮ್ಮ ಕಡೆಯವರಿಗೆ ಮಿರ್ಚಿ ಭಜಿ ಮುಂದಿದ್ದರೆ ಕೈ ಕಾಲು ತೊಳೆಯುವುದು ನೆನಪಾಗುವುದಿಲ್ಲ. ಅಂಗಿ ಕಳಚಿ ಗೂಟಕ್ಕೆ ಹಾಕಿ, ಒಂದಾದ ಮೇಲೊಂದು ನಾಲ್ಕು ತಿಂದೆ. ಹೂವಿನ ಹಾಗೆ ಉಬ್ಬಿದ್ದವು. "ಭಾರಿ ಹಗರ ಆಗ್ಯಾವಲ್ಲ ಇವತ್ತು" ಎಂದು ಹೊಗಳಿದೆ ಕೂಡ. ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಗಿರಿಜಾ ಹತ್ತಾರು ಮುಚ್ಚಳಗಳನ್ನು ತೊಳೆದು ಬೋರಲು ಹಾಕಿದ್ದಳು. ನನ್ನ ಚೀಟಿಗಳಿದ್ದದ್ದು ಮುಚ್ಚಳದ ಮೇಲೆ. ಓಡಿ ಅಡುಗೆಮನೆಗೆ ಬಂದು ನೋಡಿದರೆ ಡಬ್ಬಿಗಳೆಲ್ಲ ಹೊರಮೈ ತೊಳೆದು ಒರೆಸಿಕೊಂಡು ಕಟ್ಟೆಯ ಮೇಲೆ ಸಾಲಾಗಿ ನಿಂತಿವೆ. ಕೆಲವಕ್ಕೆ ಮುಚ್ಚಳ ಬಂದಿವೆ, ಕೆಲವಕ್ಕೆ ಇನ್ನೂ ಇಲ್ಲ. ಆ ಎರಡು ಡಬ್ಬಿಗಳು ಅಣ್ಣತಮ್ಮಂದಿರ ಹಾಗೆ ಅಕ್ಕಪಕ್ಕ ನಿಂತಿದ್ದವು.

"ಭಜಿಗೆ ಸೋಡಾ ಎದರಾಗಿಂದ ಹಾಕಿದಿ?" ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು.

"ಇದರಾಗಿಂದ" ಎಂದು ಗಿರಿಜಾ ಬಲಗಡೆಯ ಡಬ್ಬಿಯನ್ನು ತೋರಿಸಿದಳು. ಅದರ ಮುಚ್ಚಳದ ಮೇಲೆ ನನ್ನದೇ ದುಂಡು ಅಕ್ಷರ. ತೊಳೆದಿದ್ದಕ್ಕೆ ಶಾಯಿ ಸ್ವಲ್ಪ ಹರಡಿತ್ತು, ಆದರೂ "ಮೋರಿ ಸೋಡಾ: ವಿಷ" ಎಂಬುದು ಸ್ಪಷ್ಟವಾಗಿತ್ತು.

ಕೂತುಬಿಟ್ಟೆ. ನಾಲಿಗೆ ಉರಿಯುತ್ತಿತ್ತು. ಗಂಟಲು ಉರಿಯುತ್ತಿತ್ತು. ಮಿರ್ಚಿ ಭಜಿ ತಿಂದವನ ಬಾಯಿ ಉರಿಯುವುದು ಲೋಕಾರೂಢಿ. ಆದರೆ ಇದು ಖಾರವೋ ಕ್ಷಾರವೋ? ಕನ್ನಡದಲ್ಲಿ ಇವೆರಡರ ನಡುವೆ ಒಂದು ಒತ್ತಕ್ಷರದ ಅಂತರ, ಮನುಷ್ಯನ ಹೊಟ್ಟೆಯಲ್ಲಿ ಬದುಕು ಸಾವಿನ ಅಂತರ. "ಚರ್ಮಾ ಸುಲೀತೈತಿ" ಎಂದ ವಿಮಲಾ ಮೇಡಂರ ನಗು ಕಿವಿಯಲ್ಲಿ ಕೇಳಿಸಿತು. ಹೊರಗಿನ ಚರ್ಮವನ್ನೇ ಸುಲಿಯುವುದು ಒಳಗಿನದನ್ನು ಬಿಡುತ್ತದೆಯೇ? "ಚೀಟಿ ಓದಲಿಲ್ಲೇನ ನೀ?" ಎಂದು ಕೇಳಿದೆ. "ಇಲ್ಲ. ಮುಚ್ಚಳಾ ಅದಲ ಬದಲ ಆಗಿರಬೇಕು. ಏನೂ ಆಗೂದಿಲ್ಲ, ನಾ ಹಾಕಿದ್ದು ಅಡಗಿ..." ಎಂದು ಅವಳು ಏನೋ ಹೇಳಲು ಹೊರಟಳು. ಆಗಿರಬೇಕು ಎಂಬ ಮಾತೊಂದೇ ನನಗೆ ಕೇಳಿಸಿದ್ದು. ಮುಚ್ಚಳ ಅದಲು ಬದಲಾಗಿರಬೇಕು. ಆಗಿರದಿದ್ದರೆ? ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ಕೆಂಪಗಿತ್ತು. ನಿನ್ನೆ ಎಷ್ಟು ಕೆಂಪಗಿತ್ತೆಂದು ನೋಡಿಟ್ಟುಕೊಂಡಿರಲಿಲ್ಲ. ಎರಡು ತಂಬಿಗೆ ನೀರು ಕುಡಿದೆ, ಅದೂ ಹೈಡ್ರೋಜನ್ ಎಂದು ನೆನಪಾಗಿ ಮೂರನೆಯದನ್ನು ಕೆಳಗಿಟ್ಟೆ. ವಿಮಲಾ ಮೇಡಂಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಸತ್ತೂರಿನ ದವಾಖಾನೆಗೆ ಹೋಗಿಬಿಡೋಣವೆಂದು ಅಂಗಿ ಹಾಕಿಕೊಂಡೆ. ಜೀವ ಉಳಿಸುವ ದವಾಖಾನೆಯ ಊರಿಗೆ ಸತ್ತೂರು ಎಂದು ಯಾಕಾದರೂ ಹೆಸರು ಬಂತೋ, ನನ್ನಂಥವನಿಗೆ ಆ ಹೆಸರು ಕೇಳಿದರೇ ಅರ್ಧ ಜೀವ ಹೋಗುತ್ತದೆ. ಗುಂಡಿ ಹಾಕಿಕೊಳ್ಳುತ್ತ ನನ್ನ ಪಿಂಚಣಿ, ಮಗಳ ಮದುವೆ, ಅರ್ಧ ತಿದ್ದಿದ ಉತ್ತರಪತ್ರಿಕೆಗಳು ಎಲ್ಲವೂ ಕಣ್ಣ ಮುಂದೆ ಬಂದವು. ನಿಜವಾಗಿ ಭಯವಾಯಿತು. ನಗಬೇಡಿ, ಕಾಲು ತಣ್ಣಗಾಗಿದ್ದವು.

ಆ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಇಳಿದವರು ಗಿರಿಜಾಳ ತಮ್ಮ ಬಸಣ್ಣ, ಅವನ ಹಿಂದೆ ಅವರ ವೀರಪ್ಪ ಕಾಕಾ. ಅಮರಗೋಳದ ಮಾರ್ಕೆಟ್ಟಿನಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಕರೆಯುವುದು ಈ ಕಾಕಾರನ್ನೇ. ಇಬ್ಬರ ಮುಖವೂ ಬಾಡಿತ್ತು. ಬಸಣ್ಣ ನನ್ನ ಮುಖ ನೋಡದೆ ಅಕ್ಕನ ಹತ್ತಿರ ಹೋಗಿ ನಿಂತ. ಗಿರಿಜಾಳೇ ಫೋನು ಮಾಡಿ ಕರೆಸಿರಬೇಕು, ನಾನು ವಿಷ ತಿಂದ ಸುದ್ದಿ ಇವರಿಗೆ ಮುಟ್ಟಿದೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು.

ಕಾಕಾ ಕುರ್ಚಿಯ ಮೇಲೆ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮಾಸ್ತರ, ನೀವು ತಿಳದವರು. ಹಿಂಗ ಮಾಡಬಾರದಿತ್ತು" ಎಂದರು.

"ತಿಳದು ಮಾಡಿಲ್ರಿ ಕಾಕಾರ. ಕಣ್ಣ ತಪ್ಪಿ ಆತು" ಎಂದೆ.

"ಇಂಥಾದ್ದು ಕಣ್ಣ ತಪ್ಪಿ ಆಗತೈತೇನ್ರಿ? ಆಗಲಿ, ಮಾತಾಡಿ ಸರಿ ಮಾಡೂಣು. ಇನ್ನೂ ಟೈಮ್ ಐತಿ."

"ಎಲ್ಲಿ ಟೈಮ್ ರೀ. ಆಗಲೇ ಒಳಗ ಹೋಗಿಬಿಟ್ಟೇತಿ."

ಕಾಕಾ ಗಾಬರಿಯಾಗಿ ಮುಂದಕ್ಕೆ ಬಾಗಿದರು. "ಕೋರ್ಟಿನೊಳಗ ಹೋತೇನು?"

"ಕೋರ್ಟಿಗೆ ಯಾಕ ಹೋಗತೈತ್ರಿ? ಹೊಟ್ಟಿಯೊಳಗ ಹೋಗೇತಿ. ನಾಕು."

"ಏನು ನಾಕು?"

"ನಾಕು ಭಜಿ" ಎಂದೆ. ಕಾಕಾ ಬಸಣ್ಣನ ಮುಖ ನೋಡಿದರು. ಬಸಣ್ಣ ಅಕ್ಕನ ಮುಖ ನೋಡಿದ. ಆಮೇಲೆ ಸಿಟ್ಟಿನಿಂದ ನನ್ನ ಕಡೆ ತಿರುಗಿ, "ಮಾಮಾರ, ಮಾತು ಮರೆಸಬ್ಯಾಡ್ರಿ. ಇಪ್ಪತ್ತೆಂಟು ವರ್ಷ ಬಾಳೇವು ಮಾಡಿದಾಕಿಗೆ ಸೋಡಚೀಟಿ ಕೊಟ್ಟೀರಿ. ನಮ್ಮ ಅಕ್ಕ ಏನ ತಪ್ಪ ಮಾಡ್ಯಾಳ ಅದನ್ನ ಮೊದಲ ಹೇಳ್ರಿ" ಎಂದ.

ಸೋಡಚೀಟಿ ಎಂದರೆ ನಮ್ಮ ಸೀಮೆಯಲ್ಲಿ ಗಂಡ ಹೆಂಡತಿ ಬಿಡುಗಡೆ ಮಾಡಿಕೊಳ್ಳುವ ಕಾಗದ. ದಕ್ಷಿಣದವರು ವಿಚ್ಛೇದನ ಎಂದು ಐದಾರು ಉಸಿರಿನಲ್ಲಿ ಹೇಳುವುದನ್ನು ನಾವು ಒಂದು ಚೀಟಿಯಲ್ಲಿ ಮುಗಿಸುತ್ತೇವೆ. ನನಗೆ ತಲೆ ಬುಡ ತಿಳಿಯಲಿಲ್ಲ. ಬಸಣ್ಣ ತನ್ನ ಫೋನು ತೆಗೆದು ಒತ್ತಿದ. ಮಧ್ಯಾಹ್ನ ಡಬ್ಬಿ ತೊಳೆಯುತ್ತ ಗಿರಿಜಾ ತಮ್ಮನ ಹೆಂಡತಿಗೆ ಕಳಿಸಿದ ವಾಯ್ಸ್ ಮೆಸೇಜು ಅದರಿಂದ ಬಂತು. ಹಿಂದೆ ನಳದ ನೀರಿನ ಸದ್ದು. "ನಿಮ್ಮ ಮಾಮಾರು ಸೋಡಾ ಚೀಟಿ ಬರದು ಕೊಟ್ಟಾರ ನೋಡವಾ. ಕೆಂಪು ಶಾಯಿಲೆ ಬರದಾರ. ಓದಿ ಬ್ಯಾರೆ ಹೇಳಿದ್ರು. ಈ ವಯಸ್ಸಿನಾಗ ಹಿಂತಾ ಬುದ್ಧಿ ಬಂದೇತಿ, ಏನ ಮಾಡ್ಲಿ. ನಾ ಏನೂ ಅನ್ನಾಕ ಹೋಗಿಲ್ಲ, ಭಾಂಡೆ ತಿಕ್ಕೋತ ಕುಂತೇನಿ."

ಗಿರಿಜಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಮೊದಲು ಅಳುತ್ತಿದ್ದಾಳೆಂದುಕೊಂಡೆ. ಅವಳು ನಗುತ್ತಿದ್ದಳು. ಮುಚ್ಚಳ ತಂದು ಕಾಕಾರ ಕೈಗೆ ಕೊಟ್ಟು, "ಇದ ರೀ ಕಾಕಾ ಸೋಡಾ ಚೀಟಿ" ಎಂದಳು. ಕಾಕಾ ಕನ್ನಡಕ ಏರಿಸಿ ಓದಿದರು. "ಮೋರಿ ಸೋಡಾ, ವಿಷ" ಎಂದು ಎರಡು ಸಲ ಓದಿ, "ಅಕ್ಷರ ಮಾತ್ರ ಮುತ್ತಿನಂಗ ಅದಾವ" ಎಂದರು. ಬಸಣ್ಣ ಅಲ್ಲೇ ನೆಲಕ್ಕೆ ಕೂತು ಮುಖ ಒರೆಸಿಕೊಂಡ. ಎಲ್ಲರ ಭಯವೂ ಒಂದೇ ಏಟಿಗೆ ಇಳಿಯಿತು, ನನ್ನದೊಂದನ್ನು ಬಿಟ್ಟು. ಅವರಿಗೆ ಮನೆಯ ಹುಡುಗಿ ಉಳಿದಳು. ನಾನು ಉಳಿಯುತ್ತೇನೋ ಇಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ.

ಅಷ್ಟರಲ್ಲಿ ವಿಮಲಾ ಮೇಡಂ ತಿರುಗಿ ಫೋನು ಮಾಡಿದರು. ಎಲ್ಲವನ್ನೂ ಒದರಿದೆ. ಅವರು ಶಾಂತವಾಗಿ ಕೇಳಿಕೊಂಡು ಹೇಳಿದರು. "ಖರೇನ ಅದನ್ನ ತಿಂದಿದ್ರ ನೀವು ಹಿಂಗ ಮಾತಾಡತಿದ್ದಿಲ್ರಿ ಸರ್. ಆದ್ರೂ ಚೂರು ಅನುಮಾನ ಇದ್ರ ತಡಾ ಮಾಡಬ್ಯಾಡ್ರಿ, ದವಾಖಾನಿಗೆ ಹೋಗ್ರಿ. ಅದಕ್ಕಿಂತ ಮೊದಲ ಒಂದು ಕೆಲಸ ಮಾಡ್ರಿ. ಭಜಿಗೆ ಹಾಕಿದ ಡಬ್ಬಿಯೊಳಗಿಂದು ಒಣಾ ಚಮಚಾಲೆ ಚೂರ ತಗದು ಗಾಜಿನ ಬಟ್ಟಲದಾಗ ಹಾಕ್ರಿ. ದೂರ ನಿಂತು ಎರಡು ಹನಿ ನಿಂಬಿ ರಸ ಬಿಡ್ರಿ. ಬುಸ್ ಅಂತ ನೊರಿ ಬಂದ್ರ ಅಡಗಿ ಸೋಡಾ. ನೊರಿ ಬರಲಿಲ್ಲಂದ್ರ ಅದು ಮೋರಿದು."

ಬಟ್ಟಲು ಮೇಜಿನ ನಡುವೆ ಬಂತು. ಗಿರಿಜಾ ಚಮಚದಿಂದ ಪುಡಿ ಹಾಕಿದಳು. ಬಸಣ್ಣ ನಿಂಬೆಹಣ್ಣು ಕತ್ತರಿಸಿದ. ನಾನು ಬಾಗಿಲಿನ ಆಚೆ ನಿಂತು ಚೌಕಟ್ಟು ಹಿಡಿದುಕೊಂಡು ಕತ್ತು ಮಾತ್ರ ಒಳಗೆ ಹಾಕಿದ್ದೆ. ಕಾಕಾ ಶಿವಾ ಶಿವಾ ಅಂದರು. ಮೊದಲ ಹನಿ ಬಟ್ಟಲಿನ ಅಂಚಿಗೆ ಬಿದ್ದು ಜಾರಿತು. ಏನೂ ಆಗಲಿಲ್ಲ. ಆಯಿತು, ಮುಗಿಯಿತು ಎಂದುಕೊಂಡೆ. ಎರಡನೆಯ ಹನಿ ಪುಡಿಯ ಮೇಲೆ ಬಿತ್ತು. ಬುಸ್ಸೆಂದು ಬಿಳಿಯ ನೊರೆ ಉಕ್ಕಿ ಪುಡಿಯನ್ನೆಲ್ಲ ಮುಚ್ಚಿತು. ಚಿಕ್ಕಂದಿನಲ್ಲಿ ನನ್ನನ್ನು ಹೆದರಿಸಿದ್ದಂಥದೇ ನೊರೆ, ಈಗ ಅದಕ್ಕೆ ಕೈ ಮುಗಿಯಬೇಕೆನ್ನಿಸಿತು. ಒಳಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತೆ.

"ಅದನ್ನ ಹೇಳಾಕ ಹೊಂಟಿದ್ನಿರಿ, ನೀವು ಎಲ್ಲಿ ಕೇಳತೀರಿ" ಎಂದಳು ಗಿರಿಜಾ. "ನಾ ಚೀಟಿ ನೋಡಿ ಅಡಗಿ ಮಾಡತೇನೇನು? ಇದು ಹಿಟ್ಟಿನಂಗ ನುಣ್ಣಗ ಐತಿ. ಅದು ಹಳ್ಳುಪ್ಪಿನಂಗ ದಪ್ಪ ಐತಿ. ಕಣ್ಣಿಗೆ ಕಾಣೂದಿಲ್ಲೇನು?" ಎಂದು ಆ ಇನ್ನೊಂದು ಡಬ್ಬಿಯನ್ನು ಬಟ್ಟೆಯಿಂದ ಹಿಡಿದು ಹಿತ್ತಲಿನ ಎತ್ತರದ ಗೂಡಿಗೆ ಇಟ್ಟು ಬಂದಳು. ಅಲ್ಲಿ ನಾನು ಮೊದಲೇ ಇಡಬೇಕಾಗಿತ್ತು.

ಚಹಾ ಬಂತು. ಉಳಿದ ಭಜಿಯ ತಾಟೂ ಬಂತು. ಕಾಕಾ ಒಂದು ಕಡಿದು, "ಹೂವ ಆಗ್ಯಾವ" ಎಂದರು. ಸಾವಿನ ಬಾಯಿಂದ ಬಂದವನ ಹಸಿವೆಯೇ ಬೇರೆ. ನಾನೂ ಐದನೆಯದನ್ನು ಕೈಗೆತ್ತಿಕೊಂಡೆ. ನನ್ನ ನಾಲಿಗೆ ಎಷ್ಟು ಉರಿಯಿತು, ಕಾಲು ಹೇಗೆ ತಣ್ಣಗಾದವು, ಎರಡು ತಂಬಿಗೆ ನೀರನ್ನು ಹೇಗೆ ಕುಡಿದೆ ಎಂಬುದನ್ನೆಲ್ಲ ಕಾಕಾರಿಗೆ ಕ್ರಮವಾಗಿ ವಿವರಿಸತೊಡಗಿದೆ. ಅವರು ಹೂಂಗುಟ್ಟುತ್ತಿದ್ದರು. ಬಸಣ್ಣ ತಾಟನ್ನು ಅಕ್ಕನ ಕಡೆ ಸರಿಸಿ, "ನೀ ತಿನ್ನೂದಿಲ್ಲೇನ ಅಕ್ಕಾ?" ಎಂದ.

"ನಾ ಅವಾಗ ತಿಂದೇನಪಾ" ಎಂದಳು ಗಿರಿಜಾ. "ಇವರು ಸಾಲಿಯಿಂದ ಬರೂಕಿಂತ ಮೊದಲ, ಉಪ್ಪು ಖಾರ ನೋಡಾಕಂತ ಎರಡು ತಿಂದೇನಿ."

ಐದನೆಯ ಭಜಿ ನನ್ನ ಕೈಯಲ್ಲೇ ಉಳಿಯಿತು. ನಾನು ನನ್ನ ನಾಲಿಗೆ ನೋಡಿಕೊಂಡಿದ್ದೆ, ನನ್ನ ಪಿಂಚಣಿ ನೆನೆದಿದ್ದೆ, ನನ್ನೊಬ್ಬನ ಅಂಗಿ ಹಾಕಿಕೊಂಡು ಸತ್ತೂರಿಗೆ ಹೊರಟಿದ್ದೆ. ಆ ಮುಕ್ಕಾಲು ಗಂಟೆಯಲ್ಲಿ ನೀನೂ ತಿಂದೆಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಮರಗೋಳದಿಂದ ಅವಳಿಗಾಗಿ ಹೆದರಿ ಓಡಿಬಂದ ಇಬ್ಬರು ನನ್ನ ಎದುರಿಗೇ ಕೂತಿದ್ದರು. ಕಾಕಾ ಚಹಾದ ಬಸಿ ಕೆಳಗಿಟ್ಟು, ನಿಧಾನವಾಗಿ ಟೊಪ್ಪಿಗೆ ಹಾಕಿಕೊಂಡು, "ಮಾಸ್ತರ, ಚೀಟಿ ಬರಿಯೂ ಸರದಿ ಈಗ ನಮ್ಮ ಹುಡಗೀದು ನೋಡ್ರಿ" ಎಂದರು.

ಅವರ ಕಾರು ಓಣಿ ದಾಟುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬರಲು ಧೈರ್ಯ ಸಾಲಲಿಲ್ಲ. ಕೊನೆಗೆ ಬಂದೆ. ಗಿರಿಜಾ ತಾಟು ತೊಳೆಯುತ್ತಿದ್ದಳು. "ನಿನಗ ಏನೂ ಆಗಿಲ್ಲಲ್ಲ? ಬಾಯಿ ಗೀಯಿ ಉರಿಯಾಕತ್ತಿಲ್ಲಲ್ಲ?" ಎಂದು ಕೇಳಿದೆ.

ಅವಳು ನಳ ಬಂದ್ ಮಾಡಿ ಸೆರಗಿಗೆ ಕೈ ಒರೆಸಿಕೊಂಡಳು.

"ಅವಾಗ ಏನೂ ಇದ್ದಿದ್ದಿಲ್ರಿ" ಎಂದಳು. "ಈಗ ಉರಿಯಾಕತ್ತೇತಿ."